ಹೊಳೆಯುವ ಮಿಡಿತ ಮೊದಲು ಬರುತ್ತದೆ

ಪತ್ತೇದಾರ ಬಡಾಯಿ ಸಾಹೇಬರ ಕಿವಿ ಎಂಥದ್ದೆಂದರೆ, ಏಳು ಊರಿನಾಚೆ ಇರುವೆಯೊಂದು ಕೆಮ್ಮಿದರೂ ಅದು ಒಣಕೆಮ್ಮೋ ಕಫದ ಕೆಮ್ಮೋ ಎಂದು ಕೂತಲ್ಲಿಂದಲೇ ಹೇಳಿಬಿಡುವಂಥದ್ದು. ಹಾಗೆ ಹೇಳಿ ಒಂದೆರಡು ಇರುವೆಗಳ ಪ್ರಾಣ ಉಳಿಸಿದ್ದೂ ಉಂಟು. ಅಂಥ ಕಿವಿಗೂ ಆ ಮಧ್ಯಾಹ್ನ ಲೆಕ್ಕದಮ್ಮನ ಮಾತು ಎರಡು ಸಲ ಬೇಕಾಯಿತು.

"ಇನ್ನೊಂದ್ಸಲ ಹೇಳು ತಾಯಿ."

"ಆವತ್ತು ಆ ನಕ್ಷತ್ರವನ್ನ ಯಾರೂ ಕೇಳಿಸಿಕೊಂಡೇ ಇಲ್ಲ, ಸಾಹೇಬ್ರೇ. ದಾಖಲೆ ಇದೆ. ದಾಖಲೆಯೊಳಗೆ ನಕ್ಷತ್ರ ಇಲ್ಲ."

ಅವಳು ಕೂತಿದ್ದ ಕೋಣೆ ವೀಕ್ಷಣಾಲಯದ ಮೆಟ್ಟಿಲ ಕೆಳಗಿನದು. ಎದ್ದು ನಿಂತರೆ ತಲೆ ತಾಗುತ್ತದೆ, ಕೂತರೆ ಮೊಣಕಾಲು ತಾಗುತ್ತದೆ. ಆ ಗೂಡಿನಲ್ಲಿ ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ ಒಂದೇ: ಆಕಾಶದಿಂದ ಬಂದ ಅಂಕಿಗಳನ್ನು ಪಟ್ಟಿ ಮಾಡುವುದು. ಅಷ್ಟು ವರ್ಷದಲ್ಲಿ ಅವಳು ಬರೆದ ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಚಂದ್ರನಿಗೆ ಹೋಗಿ, ಮರೆತ ಛತ್ರಿ ತೆಗೆದುಕೊಂಡು ಬರಲು ಮತ್ತೊಮ್ಮೆ ಹೋಗಿ ಬರಬಹುದಿತ್ತು.

ನಾಲ್ಕು ದಿನದ ಹಿಂದೆ, ಹಾಡಹಗಲು ಎರಡೂವರೆಗೂ ಮೂರಕ್ಕೂ ನಡುವೆ, ರೇಡಿಯೋ ದೂರದರ್ಶಕದ ಗೇರು ಕೋಣೆಯಲ್ಲಿ ಹಿರಿಯ ವಿಜ್ಞಾನಿಯ ತಲೆ ಒಡೆದಿತ್ತು. ನಕ್ಷತ್ರಗಳ ನಾಡಿ ಹಿಡಿದು ಕೂತಿರುತ್ತಿದ್ದ ಆ ಮುದುಕನನ್ನು ಎಲ್ಲರೂ ನಾಡಿ ತಾತ ಎನ್ನುತ್ತಿದ್ದರು. ತಲೆಗೆ ಬಿದ್ದ ಸ್ಪ್ಯಾನರು ಮೆಕ್ಯಾನಿಕ್ ಗ್ರೀಸಪ್ಪನದು. ಗ್ರೀಸಪ್ಪ ಲೆಕ್ಕದಮ್ಮನ ಒಡಹುಟ್ಟಿದ ತಮ್ಮ. ತಾಯಿ ಸತ್ತಾಗ ಅವನಿಗೆ ಎರಡು ವರ್ಷ, ಇವಳಿಗೆ ಹನ್ನೆರಡು. ಸೊಂಟದ ಮೇಲೆ ಎತ್ತಿಕೊಂಡೇ ಶಾಲೆಗೆ ಹೋದವಳು.

ಈಗ ಅವನು ಠಾಣೆಯಲ್ಲಿ ಬಲಗೈಯ ಎರಡು ಬೆರಳು ಮುರಿಸಿಕೊಂಡು ಕೂತಿದ್ದ. ಇವತ್ತು ಸಂಜೆ ಐದಕ್ಕೆ ನ್ಯಾಯಾಧೀಶರ ಮುಂದೆ ಅವನ ಹೇಳಿಕೆ ಎಂದು ಅವಳಿಗೆ ಹೇಳಿದ್ದರು. ಸಿಟ್ಟಿನ ಭರದಲ್ಲಿ ಹೊಡೆದೆ ಎಂದು ಒಪ್ಪಿ ಸಹಿ ಹಾಕಿದರೆ ಹತ್ತು ವರ್ಷ, ಹಾಕದಿದ್ದರೆ ನೇಣು ಎಂದು ಇನ್ಸ್‌ಪೆಕ್ಟರು ಅವನಿಗೆ ಸಾರಿ ಸಾರಿ ಹೇಳಿದ್ದ. ಹೊಡೆಯದವನು ಹೊಡೆದೆ ಅನ್ನುವ ಮುಂಚೆ ಹೊಡೆದವನನ್ನು ಹಿಡಿಯಬೇಕು. ಅದಕ್ಕೇ ಲೆಕ್ಕದಮ್ಮ ಬೆಳಿಗ್ಗೆ ಎದ್ದವಳೇ ಬಡಾಯಿ ಸಾಹೇಬರ ಬಾಗಿಲು ತಟ್ಟಿದ್ದು. ಗೋಡೆಯ ಗಡಿಯಾರ ಮೂರೂ ಹತ್ತು ತೋರಿಸುತ್ತಿತ್ತು.

ತಮ್ಮನಿಗೆ ಮುಳುವಾದದ್ದು ಅವನ ನಿಜವೇ. ಅವತ್ತು ಎರಡು ಗಂಟೆಗೆ ಉಪನಿರ್ದೇಶಕರು ಫೋನು ಮಾಡಿ, ದೂರದರ್ಶಕದ ಬಟ್ಟಲಿಗೆ ತಿರುಗದಂತೆ ಬೀಗ ಹಾಕಿ ನಿಲ್ಲಿಸು, ಗೇರಿಗೆ ಗ್ರೀಸು ಹಚ್ಚು ಅಂದರಂತೆ. ಇವನು ಬೀಗ ಹಾಕಿದ. ಗ್ರೀಸು ಸಾಲದೆ ಡಬ್ಬಿ ತರಲು ಗೋದಾಮಿಗೆ ಹೋದ. ಹುಡುಕಿ ತರುವಷ್ಟರಲ್ಲಿ ತಾತ ರಕ್ತದಲ್ಲಿ ಬಿದ್ದಿದ್ದರು.

ಉಪನಿರ್ದೇಶಕರು ಹೇಳಿದ್ದೇ ಬೇರೆ. ತಾನು ಎರಡರಿಂದ ನಾಲ್ಕರವರೆಗೆ ನಿಯಂತ್ರಣ ಕೋಣೆ ಬಿಟ್ಟು ಅಲ್ಲಾಡಲಿಲ್ಲ, ಬಟ್ಟಲು ನಕ್ಷತ್ರದ ಹಿಂದೆಯೇ ತಿರುಗುತ್ತಿತ್ತು, ಇಗೋ ದಾಖಲೆ. ಆ ಹಳೇ ಯಂತ್ರಕ್ಕೆ ಹತ್ತು ನಿಮಿಷಕ್ಕೊಮ್ಮೆ ಮನುಷ್ಯ ಕೈಯಾರೆ ಗುಂಡಿ ಒತ್ತಿ ಅಳತೆಯ ಗುರುತು ಹಾಕಬೇಕು. ದಾಖಲೆಯಲ್ಲಿ ಹನ್ನೆರಡು ಗುರುತೂ ಇದ್ದವು. ಬಟ್ಟಲು ತಿರುಗುತ್ತಿತ್ತು ಅಂದಮೇಲೆ ಬೀಗ ಹಾಕಿದೆ ಅನ್ನುವ ಮೆಕ್ಯಾನಿಕ್ ಸುಳ್ಳ. ಸುಳ್ಳ ಅಂದಮೇಲೆ ಕೊಲೆಗಾರ. ಪೊಲೀಸರ ಲೆಕ್ಕ ಅಷ್ಟೇ ಸಲೀಸು.

ಮೆಟ್ಟಿಲ ಕೆಳಗಿದ್ದ ಲೆಕ್ಕದಮ್ಮನನ್ನು ಬಿಟ್ಟರೆ ಆವರಣದಲ್ಲಿ ಅವತ್ತು ಇದ್ದ ಇನ್ನೊಬ್ಬನೆಂದರೆ ಗೇಟಿನ ಕಾವಲುಗಾರ. ಅವನ ಮಂಡಿಗೆ ಗೇರು ಕೋಣೆಯ ನಲವತ್ತು ಕಬ್ಬಿಣದ ಮೆಟ್ಟಿಲು ಹತ್ತಲು ಮುಂದಿನ ಜನ್ಮವೇ ಬೇಕು.

"ಬಟ್ಟಲಿಗೆ ಬೀಗ ಬಿದ್ದಿದ್ರೆ ದಾಖಲೆ ಎಲ್ಲಿಂದ ಬಂತು?" ಎಂದರು ಬಡಾಯಿ ಸಾಹೇಬರು. ತಮಗೆ ಗೊತ್ತಿದ್ದೂ ಅವಳನ್ನು ಪರೀಕ್ಷಿಸುವವರ ಹಾಗೆ ಹುಬ್ಬು ಏರಿಸಿಕೊಂಡಿದ್ದರು. ಗೊತ್ತಿರಲಿಲ್ಲ.

"ಬಾಯಿ ಸ್ವಲ್ಪ ಹೊತ್ತು ಮುಚ್ಚಿ, ಕಣ್ಣು ಬಿಡಿ. ತೋರಿಸ್ತೀನಿ."

ಅವಳು ಮೇಜಿನ ಮೇಲೆ ಹನ್ನೆರಡು ಹಾಳೆ ಹರಡಿದಳು. ಪ್ರತಿ ಹಾಳೆಯ ಮೇಲೂ ಪೆನ್ಸಿಲಿನ ಚುಕ್ಕೆಗಳು, ಸಾವಿರಗಟ್ಟಲೆ.

ಅವಳು ಬಿಡಿಸಿ ಹೇಳಿದ್ದು ಇಷ್ಟು. ಈ ನಕ್ಷತ್ರ ಒಂದು ಪಲ್ಸಾರ್, ಅಂದರೆ ಸತ್ತ ನಕ್ಷತ್ರದ ಗಟ್ಟಿ ತಿರುಳು. ಒಂದು ಪಟ್ಟಣದಷ್ಟೇ ಅಗಲ, ಆದರೆ ಬುಗುರಿಯ ಹಾಗೆ ತಿರುಗುತ್ತದೆ. ದೀಪಸ್ತಂಭದ ಬೆಳಕು ಸುತ್ತು ಬಂದ ಹಾಗೆ ಅದರ ರೇಡಿಯೋ ಕಿರಣ ಸುತ್ತಿಗೊಮ್ಮೆ ನಮ್ಮ ಮೇಲೆ ಹಾಯುತ್ತದೆ. ಟಕ್, ಟಕ್, ಟಕ್. ಈ ನಕ್ಷತ್ರದ್ದು ಎರಡು ಗಂಟೆಗೆ ಒಂಬತ್ತು ಸಾವಿರ ಟಕ್. ಎಲ್ಲವೂ ಒಂದೇ ಸಮ ಇರುವುದಿಲ್ಲ. ಒಂದು ಮಿಡಿತ ಜೋರಾಗಿ ಹೊಳೆಯುತ್ತದೆ, ಇನ್ನೊಂದು ಮಂಕು. ಒಂದು ಕೂದಲೆಳೆಯಷ್ಟು ಬೇಗ, ಇನ್ನೊಂದು ಕೂದಲೆಳೆಯಷ್ಟು ತಡ. ಲೋಕದವರೆಲ್ಲ ಸಾವಿರ ಮಿಡಿತ ಕೂಡಿಸಿ ಒಂದು ಸರಾಸರಿ ತೆಗೆದು, ಬಿಡಿ ಮಿಡಿತಗಳ ಕಡೆ ತಿರುಗಿಯೂ ನೋಡುವುದಿಲ್ಲ. ನಾಡಿ ತಾತ ಮಾತ್ರ ಒಂದೊಂದನ್ನೂ ಬಿಡದೆ ಹೊಳಪು ಎಷ್ಟು, ಬಂದದ್ದು ಯಾವಾಗ ಎಂದು ಬರೆಸುತ್ತಿದ್ದರು.

"ತಾತ ಹೇಳ್ತಿದ್ದದ್ದು ಒಂದೇ ಮಾತು. ಈ ನಕ್ಷತ್ರದಲ್ಲಿ ಹೊಳಪಿಗೂ ಹೊತ್ತಿಗೂ ನಂಟಿದೆ. ಹೊಳೆಯೋದು ಮೊದಲು ಬರುತ್ತೆ, ಮಂಕಾದದ್ದು ಹಿಂದೆ ಬೀಳುತ್ತೆ. ಒಂದೊಂದನ್ನೇ ನೋಡಿದ್ರೆ ಗೊತ್ತಾಗಲ್ಲ, ಸಾವಿರ ಇಟ್ಟು ನೋಡಿದ್ರೆ ಗೊತ್ತಾಗುತ್ತೆ."

ಮಿಡಿತಕ್ಕೊಂದು ಚುಕ್ಕೆ, ಅಡ್ಡಕ್ಕೆ ಹೊತ್ತು, ಉದ್ದಕ್ಕೆ ಹೊಳಪು. ಹನ್ನೊಂದು ಹಾಳೆಯಲ್ಲಿ ಚುಕ್ಕೆಗಳ ಗುಂಪು ಗಾಳಿಗೆ ವಾಲಿದ ಪೈರಿನ ಹಾಗೆ ಒಂದೇ ಕಡೆಗೆ ಓರೆಯಾಗಿತ್ತು. ಹನ್ನೊಂದು ಬೇರೆ ಬೇರೆ ದಿನ, ಒಂದೇ ಓರೆ. ಹನ್ನೆರಡನೆಯದರಲ್ಲಿ ಸಾಸಿವೆ ಡಬ್ಬಿ ಬೋರಲು ಬಿದ್ದಂತೆ ಎತ್ತೆತ್ತಲೋ ಚೆಲ್ಲಿತ್ತು. ಗುಂಡಗೆ, ಯಾವ ಕಡೆಗೂ ವಾಲದೆ. ಮೂಲೆಯಲ್ಲಿ ಕೊಲೆಯ ದಿನದ ತಾರೀಖು.

ಬಡಾಯಿ ಸಾಹೇಬರು ಹನ್ನೆರಡನೇ ಹಾಳೆಯನ್ನು ಕೈಚಾಚಿ ದೂರ ಹಿಡಿದು ನೋಡಿದರು.

"ಒಂದು ದಿನದ ಹೊಳಪು," ಎಂದರು ನಿಧಾನವಾಗಿ, "ಇನ್ನೊಂದು ದಿನದ ಹೊತ್ತು."

"ಹೂಂ. ಹಳೇ ಪಟ್ಟಿ ಒಂದನ್ನೇ ಇದ್ದ ಹಾಗೆ ಇಟ್ಟಿದ್ರೆ ನನಗೆ ತಕ್ಷಣ ಗುರುತು ಸಿಗೋದು. ಅದು ಉಪನಿರ್ದೇಶಕರಿಗೂ ಗೊತ್ತು. ಅದಕ್ಕೇ ಎರಡು ಪಟ್ಟಿ ಹೆಣೆದಿದಾರೆ. ಹೊಳಪಿನ ಕಾಲಂ ಒಂದರಿಂದ, ಹೊತ್ತಿನ ಕಾಲಂ ಇನ್ನೊಂದರಿಂದ. ಅವೆರಡಕ್ಕೂ ನಂಟೇ ಇಲ್ಲ ಅಂತ ಇಪ್ಪತ್ತು ವರ್ಷ ತಾತನ್ನ ಗೇಲಿ ಮಾಡ್ತಾ ಬಂದವರು. ಬೇರೆ ಯಾರಾದ್ರೂ ಆಗಿದ್ರೆ ಸುಮ್ಮನೆ ಹೆದರಿಯಾದ್ರೂ ಜೋಡಿ ಕೆಡಿಸ್ತಿರಲಿಲ್ಲ."

ನಕ್ಷತ್ರದ ಸದ್ದು ಹಿಡಿದಿಟ್ಟ ಮೂಲ ಮುದ್ರಣ ತೆಗೆದು ನೋಡಿದರೆ ಮುಗಿಯಿತಲ್ಲ ಎಂದು ಸಾಹೇಬರು ಕೇಳಿದ್ದಕ್ಕೆ ಅವಳು ಅಡ್ಡಡ್ಡ ತಲೆಯಾಡಿಸಿದಳು. ಜಾಗದ ಅಭಾವಕ್ಕೆ ಮೂರು ದಿನ ಕಳೆದ ಮೂಲ ಮುದ್ರಣ ಅಳಿಸುವುದು ಅಲ್ಲಿಯ ಕಟ್ಟಳೆ. ಪಟ್ಟಿ ಉಳಿಯುತ್ತದೆ, ಮುದ್ರಣ ಹೋಗುತ್ತದೆ. ಕೊಲೆಯಾಗಿ ನಾಲ್ಕನೇ ದಿನ ಇವತ್ತು. ಇಲ್ಲದ ಮುದ್ರಣವನ್ನು ಕಟ್ಟಳೆಯ ಪ್ರಕಾರವೇ ಅಳಿಸಲಾಗಿತ್ತು.

ಸಾಹೇಬರು ಹಾಳೆಗಳನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಇಷ್ಟು ಸಾಕು, ಇದಕ್ಕಿಂತ ಕಡಿಮೆ ಇಟ್ಟುಕೊಂಡು ತಾವು ಒಂದೇ ವಾರದಲ್ಲಿ ಹದಿನೇಳು ಕೊಲೆಗಾರರಿಂದ ತಪ್ಪೊಪ್ಪಿಗೆ ಪಡೆದಿದ್ದಾಗಿಯೂ, ಅದರಲ್ಲಿ ಮೂವರು ಕೊಲೆಯನ್ನೇ ಮಾಡಿರಲಿಲ್ಲವೆಂದೂ ಹೇಳಿದರು.

"ಐದು ಗಂಟೆಗೆ ಸಾಹೇಬ್ರೇ," ಎಂದಳು ಅವಳು. ನಗಲಿಲ್ಲ.

"ಗೊತ್ತು," ಎಂದು ಅವರು ಮೆಟ್ಟಿಲ ಕಡೆ ತಿರುಗಿದರು.

ನಿಯಂತ್ರಣ ಕೋಣೆಗೆ ಗೇರು ಕೋಣೆಯ ಮುಂದೆಯೇ ದಾರಿ. ಬಾಗಿಲಿಗೆ ಅಡ್ಡ ಕಟ್ಟಿದ ಹಗ್ಗದಾಚೆ ಆನೆ ಗಾತ್ರದ ಹಲ್ಲುಚಕ್ರ. ಆನೆಯಲ್ಲ, ಆನೆಯ ಮನೆತನವೇ ಅದರೊಳಗೆ ಸಂಸಾರ ಹೂಡಬಹುದು. ಅದರ ಬುಡದಲ್ಲಿ ರಕ್ತವೂ ಗ್ರೀಸೂ ಕಲಸಿ ಕಪ್ಪಗೆ ಹೆಪ್ಪುಗಟ್ಟಿತ್ತು. ನಡುವೆ ಒಂದು ಮುದಿ ಅಂಗೈಯ ಗುರುತು ಬಾಗಿಲಿನತ್ತ ಎರಡು ಗೇಣು ಜಾರಿ ನಿಂತಿತ್ತು. ತಾತ ತಕ್ಷಣ ಸತ್ತಿರಲಿಲ್ಲ. ಈ ಒಂದು ಕಲೆಯ ಬಗ್ಗೆ ಬಡಾಯಿ ಸಾಹೇಬರಿಗೂ ದೊಡ್ಡದು ಮಾಡಿ ಹೇಳಲು ಏನೂ ತೋಚಲಿಲ್ಲ.

ಲೆಕ್ಕದಮ್ಮ ಅತ್ತ ನೋಡದೆ ದಾಟಿದಳು.

ಉಪನಿರ್ದೇಶಕರು ಕರವಸ್ತ್ರದಿಂದ ಕೀಲಿಮಣೆ ಒರೆಸುತ್ತಿದ್ದರು. ಅಚ್ಚುಕಟ್ಟಾದ ಮನುಷ್ಯ. ಮೇಜಿನ ಮೇಲೆ ಐದು ಪೆನ್ಸಿಲು, ಐದೂ ಒಂದೇ ಉದ್ದ. ಇವರನ್ನು ಕಂಡು ಎದ್ದು ನಿಂತು ಕುರ್ಚಿ ತೋರಿಸಿದರು. ಗ್ರೀಸಪ್ಪನ ವಿಷಯಕ್ಕೆ ತಮಗೂ ಸಂಕಟವಿದೆ, ಒಳ್ಳೆಯ ಕೆಲಸಗಾರ, ಆದರೆ ಕೋಪಿಷ್ಠ ಎಂದರು. ತಾತನ ಕುಟುಂಬಕ್ಕೆ ಪತ್ರ ಬರೆದದ್ದನ್ನೂ ಹೇಳಿದರು.

ಬಡಾಯಿ ಸಾಹೇಬರು ದಡ್ಡನ ಮುಖ ಹಾಕಿಕೊಂಡರು. ಆ ಮುಖ ಹಾಕಲು ಅವರಿಗೆ ಹೆಚ್ಚು ಶ್ರಮ ಬೇಕಾಗುತ್ತಿರಲಿಲ್ಲ ಎಂದು ಆಗದವರು ಹೇಳುತ್ತಾರೆ. ತನಗೆ ಈ ಆಕಾಶದ ವಿದ್ಯೆ ತಲೆಗೆ ಹತ್ತದು, ವರದಿಗೆ ಒಂದೆರಡು ವಾಕ್ಯ ಬೇಕು, ತಾವೇ ದಯಪಾಲಿಸಿ ಎಂದು ಪುಸ್ತಕ ತೆಗೆದರು. ಅವತ್ತಿನ ಪಟ್ಟಿ ಯಂತ್ರದಿಂದ ಬಂದದ್ದು ಬಂದ ಹಾಗೇ ಇದೆಯೇ?

"ಬಂದದ್ದು ಬಂದ ಹಾಗೆ. ಆಕಾಶ ನಿಶ್ಶಬ್ದವಾಗಿತ್ತು, ನಕ್ಷತ್ರ ಚೆನ್ನಾಗಿ ಕೇಳಿಸ್ತಿತ್ತು. ಒಂದು ಅಂಕಿ ಕೂಡ ನಾನು ಮುಟ್ಟಿಲ್ಲ."

"ಬೇರೆ ಯಾರಾದ್ರೂ ಮುಟ್ಟಿರಬಹುದಾ?"

"ನನ್ನ ಬೀಗದ ಕೈ ಇಲ್ಲದೆ ಆಗಲ್ಲ."

"ಈ ಹೊಳಪು, ಹೊತ್ತು ಅಂತ ಎರಡು ಸಾಲು ಇದೆಯಲ್ಲ. ಅವಕ್ಕೆ ಒಂದಕ್ಕೊಂದು ಏನಾದ್ರೂ..."

ಉಪನಿರ್ದೇಶಕರು ನಕ್ಕರು. ತಾತನ ಸಾವಿನ ನಂತರ ಮೊದಲ ಸಲವೋ ಏನೋ, ಮನಸಾರೆ ನಕ್ಕರು. "ಅದು ಮುದುಕರ ಭ್ರಮೆ. ಹೊಳಪು ಹೊಳಪು, ಹೊತ್ತು ಹೊತ್ತು. ನಂಟು ಗಿಂಟು ಏನಿಲ್ಲ. ಬರ್ಕೊಳ್ಳಿ ಬೇಕಾದ್ರೆ."

ಬರೆದುಕೊಂಡರು. ಕೆಳಗೆ ಒಂದು ರುಜು ಕೇಳಿದರು. ಉಪನಿರ್ದೇಶಕರು ಸಂತೋಷದಿಂದ ಹಾಕಿದರು.

ಆಮೇಲೆ ಸಾಹೇಬರು ಕಂಕುಳಿನ ಸುರುಳಿ ಬಿಚ್ಚಿ ಹನ್ನೊಂದು ಹಾಳೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟರು. ಪೆನ್ಸಿಲುಗಳು ಉರುಳಿ ನೆಲಕ್ಕೆ ಬಿದ್ದವು. ಹನ್ನೆರಡನೆಯದನ್ನು ಎಲ್ಲದರ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

ಹೇಳಬೇಕಾದ್ದನ್ನು ಲೆಕ್ಕದಮ್ಮ ಹೇಳಿದಳು. ಅವಳ ದನಿ ಏರಲಿಲ್ಲ. ಹೊಳಪಿನ ಸಾಲು ಯಾವ ದಿನದ್ದು, ಹೊತ್ತಿನ ಸಾಲು ಯಾವ ದಿನದ್ದು, ಹನ್ನೆರಡು ಗುರುತುಗಳನ್ನು ಎಲ್ಲಿಂದ ಎತ್ತಿ ಎಲ್ಲಿ ಅಂಟಿಸಲಾಗಿದೆ ಎಂದು, ಪಟ್ಟಿ ಓದುವ ದನಿಯಲ್ಲೇ ಓದಿದಳು. ಆ ಎರಡು ಹಳೇ ಪಟ್ಟಿ ಕಪಾಟಿನಿಂದ ಕಾಣೆಯಾಗಿದ್ದರೂ, ಅವನ್ನು ಕೈಯಾರೆ ಬರೆದವಳು ಅವಳೇ. ಕಾರಣವನ್ನೂ ಅವಳೇ ಹೇಳಿದಳು. ಉಪನಿರ್ದೇಶಕರ ಹೆಸರೆಲ್ಲ ನಿಂತದ್ದು ಈ ನಕ್ಷತ್ರದ ಸರಾಸರಿ ಹೊತ್ತಿನ ಮೇಲೆ. ಅದನ್ನು ಗಡಿಯಾರ ಮಾಡಿ ಅವರು ಪದವಿಗೆ ಏರಿದ್ದು. ತಾತನ ಮಾತು ನಿಜವಾದರೆ, ಹೊಳಪು ಹೆಚ್ಚಿದ ದಿನ ಆ ಗಡಿಯಾರ ಮುಂದೆ ಓಡುತ್ತದೆ, ತಗ್ಗಿದ ದಿನ ಹಿಂದೆ ಬೀಳುತ್ತದೆ. ಹದಿನೈದು ವರ್ಷದ ಕೆಲಸ ಹರಕು ಜರಡಿ. ಅದನ್ನು ಸಾಧಿಸಿ ತಾತ ಬರೆದಿದ್ದ ಬರಹ, ಅವರು ಸತ್ತ ಮರುದಿನ ಅಚ್ಚಿಗೆ ಹೋಗಬೇಕಿತ್ತು.

ಉಪನಿರ್ದೇಶಕರು ಹನ್ನೆರಡನೇ ಹಾಳೆಯನ್ನು ಬಹಳ ಹೊತ್ತು ನೋಡಿದರು. ಕರವಸ್ತ್ರ ಹಿಡಿದ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತ್ತು. ಆಮೇಲೆ ಅವರ ಮುಖದ ಮೇಲೆ ಕಂಡದ್ದು ಭಯವಲ್ಲ. ಬೇರೆ ಏನೋ. ಹನ್ನೊಂದು ಹಾಳೆಗಳ ಓರೆಯ ಮೇಲೆ ಅವರ ಬೆರಳು ಮೆಲ್ಲಗೆ ಜಾರಿತು.

"ಸರಿಯಾಗೇ ಹೇಳಿದ್ದ ಮುದುಕ," ಎಂದರು ತಮಗೆ ತಾವೇ.

ಬಡಾಯಿ ಸಾಹೇಬರ ಎದೆ ಹಿಗ್ಗಿ ಅಂಗಿಯ ಗುಂಡಿಗಳೆಲ್ಲ ಹಾರಿ ನಾಲ್ಕು ಗೋಡೆಗೂ ಬಡಿಯಬೇಕು, ಅಷ್ಟರಲ್ಲಿ ಉಪನಿರ್ದೇಶಕರು ಬಗ್ಗಿ ಬಿದ್ದ ಪೆನ್ಸಿಲುಗಳನ್ನು ಆಯ್ದು ಮತ್ತೆ ಸಾಲಾಗಿ ಇಟ್ಟರು.

"ಪತ್ತೇದಾರರೇ, ಹೊಳೆಯೋದು ಮೊದಲು ಬರುತ್ತೆ ಅಂತ ನಂಬಿದ್ದವನು ಈ ಭೂಮಿ ಮೇಲೆ ಒಬ್ಬನೇ. ಅವನು ಸತ್ತ. ಯಾವ ಪುಸ್ತಕದಲ್ಲೂ ಅಚ್ಚಾಗದ ಮಾತನ್ನ ನ್ಯಾಯಾಲಯದಲ್ಲಿ ಹೇಗೆ ಹೇಳ್ತೀರಿ? ಸಾಕ್ಷಿಗೆ ಯಾರನ್ನ ಕರೀತೀರಿ, ನಕ್ಷತ್ರನ್ನಾ?"

"ನಾನಿದೀನಿ," ಎಂದಳು ಲೆಕ್ಕದಮ್ಮ. "ಒಂಬತ್ತು ಸಾವಿರ ಮಿಡಿತ ಒಂದೊಂದಾಗಿ ಬರೆದವಳು ನಾನು. ಹನ್ನೊಂದು ದಿನದ್ದೂ."

"ನೀವು ಸಾಕ್ಷಿ ಹೇಳೋ ಹಾಗಿಲ್ಲಮ್ಮ." ಆ ಮಾತಿನಲ್ಲಿ ಕನಿಕರದಂಥದ್ದೇ ಇತ್ತು. "ನಿಮ್ಮ ತಮ್ಮನ ಹೇಳಿಕೆಯಲ್ಲಿ ನಿಮ್ಮ ಹೆಸರಿದೆ. ಎರಡನೇ ಪುಟ. ಅಕ್ಕನೂ ತಾನೂ ಕೂತು ಯೋಚನೆ ಮಾಡಿ ಮಾಡಿದ್ದು ಅಂತ. ಸಿಟ್ಟಿನ ಭರದಲ್ಲಿ ಅಲ್ಲ. ಇನ್ಸ್‌ಪೆಕ್ಟರ್ ಆಗಲೇ ಫೋನ್ ಮಾಡಿದ್ರು. ನೀವು ಇಲ್ಲೇ ಇದೀರಾ ಅಂತ ಕೇಳಿದ್ರು. ಇದಾರೆ ಅಂದೆ."

"ಸುಳ್ಳು," ಎಂದಳು. "ಹೇಳಿಕೆ ಐದಕ್ಕೆ. ಇನ್ನೂ ನಾಲ್ಕೂ ಆಗಿಲ್ಲ."

"ಹನ್ನೊಂದೂವರೆಗೇ ಆಯ್ತಲ್ಲ. ನ್ಯಾಯಾಧೀಶರು ಮುದ್ರೆ ಒತ್ತಿದ್ದೂ ಆಯ್ತು." ಅವರು ಬಡಾಯಿ ಸಾಹೇಬರ ಕಡೆ ನೋಡಿದರು. "ಇವರೂ ಅಲ್ಲೇ ಇದ್ರಂತೆ. ಹೇಳಲಿಲ್ವಾ?"

ಕೆಳಗೆ ಗೇಟಿನ ಕಬ್ಬಿಣ ಕಿರುಗುಟ್ಟಿತು. ಜೀಪು ಒಳಗೆ ಬಂದು ನಿಂತಿತು. ಬೂಟುಗಳು ಮೆಟ್ಟಿಲು ಹತ್ತತೊಡಗಿದವು, ಎರಡು ಜೊತೆ.

ಲೆಕ್ಕದಮ್ಮ ತಿರುಗಿದಳು. ಸಾಹೇಬರ ಮುಖ ನೋಡಿದಳು.

ಸಾಹೇಬರು ಗಂಟಲು ಸರಿಮಾಡಿಕೊಂಡರು. ಇದೆಲ್ಲ ತಮ್ಮದೇ ಬಲೆ, ಇನ್ಸ್‌ಪೆಕ್ಟರು ತಮ್ಮ ಶಿಷ್ಯನ ಶಿಷ್ಯ, ಆ ಕಾಗದ ಸಂಜೆಯೊಳಗೆ ಹರಿದು ಚೂರಾಗುತ್ತದೆ ಎಂದು ಶುರು ಮಾಡಿದರು. ಮೂರನೇ ವಾಕ್ಯಕ್ಕೆ ನಿಲ್ಲಿಸಿದರು.

"ಅವನು ಯಾಕೆ ಸಹಿ ಹಾಕಿದ?" ಎಂದಳು.

"ನಾನು ಹಾಕು ಅಂದೆ."

ಬೂಟಿನ ಸದ್ದು ಗೇರು ಕೋಣೆ ದಾಟಿತು.

"ಪೊಲೀಸರು ಅವನ ಮೂರನೇ ಬೆರಳು ಹಿಡ್ಕೊಂಡಿದ್ರು ತಾಯಿ. ಹಾಕಲಾ ಬೇಡ್ವಾ ಅಂತ ನನ್ನ ಮುಖ ನೋಡ್ದ. ಕೊಲೆಗಾರ ನನ್ನ ಕೈಲಿದಾನೆ, ಸಾಕ್ಷಿ ನನ್ನ ಜೇಬಲ್ಲಿದೆ, ಹಾಕು, ಸಂಜೆಗೆ ನಾನೇ ಹರಿದು ಹಾಕ್ತೀನಿ ಅಂದೆ. ಆಗ ನನ್ನ ಜೇಬಲ್ಲಿ ಬಸ್ ಚೀಟಿ ಬಿಟ್ಟು ಏನೂ ಇರಲಿಲ್ಲ. ನೀನು ಈ ಹಾಳೆ ತೋರಿಸಿದ್ದೇ ಮೂರು ಗಂಟೆಗೆ."

"ಎರಡನೇ ಪುಟ ಓದಿದ್ರಾ?"

"ಅಕ್ಷರ ಅಕ್ಷರ ಓ..."

ಅವಳು ಕಣ್ಣು ಮಿಟುಕಿಸಲಿಲ್ಲ.

"ಓದಲಿಲ್ಲ," ಎಂದರು. "ಕನ್ನಡಕ ಇಲ್ದೆ ನನಗೆ ಒಂದಕ್ಷರ ಕಾಣಲ್ಲ. ಸೊಂಟಕ್ಕೆ ಸಿಕ್ಕಿಸ್ಕೊಂಡೇ ಇದ್ದೆ. ಇನ್ಸ್‌ಪೆಕ್ಟರ್ ಮುಂದೆ ಹಾಕ್ಕೊಳ್ಳೋಕೆ ನಾಚಿಕೆ ಆಯ್ತು. ಓದಿದವನ ಹಾಗೆ ಪುಟ ತಿರುಗಿಸಿ, ಸರಿಯಾಗಿದೆ ಅಂದೆ."